ರಣವೈದ್ಯವೂ ಪ್ರತಿಸಂಸ್ಕಾರವೂ

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಭೂಭಾಗವು ಪ್ರಾಚೀನ ಶಾಸನಗಳಲ್ಲಿ ಎಡೆದೊರೆನಾಡೆಂದು ಪ್ರಸಿದ್ಧವಾದುದು. ಅರಕೇರಾ, ದೇವದುರ್ಗ, ಮಾನ್ವಿ, ರಾಯಚೂರು ಮೊದಲಾದ ಸ್ಥಳಗಳು ಈ ಭೂಭಾಗಕ್ಕೆ ಸೇರಿದವು. ಬಹಮನಿ ಸುಲ್ತಾನರೂ ಅವರ ಬಳಿಕ ವಿಜಾಪುರದ ಆದಿಲಶಾಹಿಗಳೂ ವಿಜಯನಗರದ ಅರಸರೊಡನೆ ಇದಕ್ಕಾಗಿ ಪದೇ ಪದೇ ಕಾದಿದರು. ಆ ಯುದ್ಧಗಳ ಜಯಾಪಜಯಗಳನ್ನು ಚರಿತ್ರಕಾರರು ವಿಸ್ತಾರವಾಗಿ ನಿರೂಪಿಸಿದ್ದಾರೆ. ಗಾಯಗೊಂಡು ಬಿದ್ದ ಭಟನ ಗತಿಯೇನೆಂಬ ಪ್ರಶ್ನೆಯಾದರೋ ವಿರಳವಾಗಿಯೇ ವಿಚಾರಕ್ಕೆ ಬಂದಿದೆ.

ಪ್ರಾಚೀನ ಶಾಸ್ತ್ರಕಾರರು ಈ ಪ್ರಶ್ನೆಯನ್ನು ಉಪೇಕ್ಷಿಸಿದವರಲ್ಲ. ಶಸ್ತ್ರ, ಯಂತ್ರ, ಔಷಧ, ತೈಲ, ವಸ್ತ್ರಗಳನ್ನು ಹಿಡಿದ ಚಿಕಿತ್ಸಕರೂ ಅನ್ನಪಾನಗಳನ್ನು ಕಾಯುವ ಸ್ತ್ರೀಯರೂ ಸೈನ್ಯದ ಹಿಂಭಾಗದಲ್ಲಿರಬೇಕೆಂದು ಕೌಟಿಲ್ಯನು ವಿಧಿಸಿದ್ದಾನೆ. ಸುಶ್ರುತಸಂಹಿತೆಯ ಸೂತ್ರಸ್ಥಾನದ 34ನೆಯ ಅಧ್ಯಾಯವಾದ ಯುಕ್ತಸೇನೀಯವು ದಂಡಯಾತ್ರೆಯ ವೈದ್ಯನಿಗಾಗಿಯೇ ಮೀಸಲಾದುದು. ರಾಜನ ಬಿಡಾರದ ಮಗ್ಗುಲಲ್ಲಿಯೇ ಅವನು ಸಕಲ ಉಪಕರಣಗಳೊಡನೆ ಸನ್ನದ್ಧನಾಗಿರಬೇಕೆಂಬುದು ಅಲ್ಲಿನ ವಿಧಿ. ರಕ್ತವನ್ನು ನಿಲ್ಲಿಸಲು ಸಂಧಾನ, ಸ್ಕಂದನ, ಪಾಚನ, ದಹನವೆಂಬ ನಾಲ್ಕು ಉಪಾಯಗಳನ್ನು ಆ ಸಂಹಿತೆಯು ಬೋಧಿಸುತ್ತದೆ. ಉಳಿದವು ಫಲಿಸದಿದ್ದಾಗ ದಹನವು.

ಶಿಕ್ಷಣಕ್ರಮವೂ ಅಷ್ಟೇ ಸ್ಪಷ್ಟವಾಗಿದೆ. ಶಾಸ್ತ್ರವನ್ನು ಓದಿದವನಾದರೂ ಕೈ ಪಳಗಿಸಿಕೊಳ್ಳದವನು ಕರ್ಮಕ್ಕೆ ಯೋಗ್ಯನಲ್ಲ. ಕುಂಬಳ ಸೋರೆಗಳ ಮೇಲೆ ಛೇದನವನ್ನೂ, ಸತ್ತ ಪಶುಗಳ ಸಿರೆಗಳಲ್ಲಿ ವೇಧನವನ್ನೂ, ಮನುಷ್ಯಾಕಾರದ ಬೊಂಬೆಯ ಅಂಗಾಂಗಗಳಲ್ಲಿ ಬಂಧನವನ್ನೂ ಶಿಷ್ಯನು ಅಭ್ಯಾಸಮಾಡಬೇಕು. ಈ ಅಭ್ಯಾಸಕ್ಕೆ ಯೋಗ್ಯಾ ಎಂದು ಹೆಸರು.

ಆದರೆ ಈ ಶಾಸ್ತ್ರವು ಬಾಣ, ಖಡ್ಗ, ಭಲ್ಲೆಗಳ ಗಾಯಗಳನ್ನು ಕಂಡು ರಚಿತವಾದುದು. ಕ್ರಿ. ಶ. 1520ರಲ್ಲಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲಶಾಹನಿಗೂ ನಡೆದ ರಾಯಚೂರು ಯುದ್ಧದಲ್ಲಿ ತೋಪು ಕೋವಿಗಳು ಪ್ರಧಾನವಾದವು. ಶತ್ರುವಿನ ತೋಪುಗಳು ಒಮ್ಮೆಗೇ ಸಿಡಿದಾಗ ರಾಯನ ಮುಂಚೂಣಿಯು ಹಿಮ್ಮೆಟ್ಟಿತು; ರಾಯನು ತಾನೇ ಮುನ್ನುಗ್ಗಿ ಗೆದ್ದನು. ಬಳಿಕ ಕೋಟೆಯ ಮುತ್ತಿಗೆಯಲ್ಲಿ ಕ್ರಿಸ್ತೋವಾನ್ ದೆ ಫಿಗೇರೆದೊ ಎಂಬ ಪೋರ್ತುಗೀಸನ ಕೋವಿಗಾರರು ನೆರವಾದರು. ರಾಯನ ಪಕ್ಷದಲ್ಲಿ ಮಡಿದವರು 16,000ಕ್ಕೂ ಮಿಕ್ಕಿದ್ದರೆಂದು ನೂನಿಜನು ಬರೆದಿದ್ದಾನೆ. ದಂಡಯಾತ್ರೆಯಲ್ಲಿ ಯಾರೂ ಬಾಯಾರಿ ಸಾಯದಂತೆ ತೊಗಲಚೀಲಗಳಲ್ಲಿ ನೀರು ಹೊತ್ತ 12,000 ಮಂದಿಯನ್ನು ದಾರಿಯುದ್ದಕ್ಕೂ ನಿಲ್ಲಿಸಿದ್ದರೆಂಬುದೂ ಅವನ ಮಾತೇ.

ಗುಂಡಿನ ಗಾಯವು ಬಾಣದ ಗಾಯದಂತಲ್ಲ. ಅದು ಮಾಂಸವನ್ನು ಜಜ್ಜಿ, ಮೂಳೆಯನ್ನು ಚೂರುಮಾಡಿ, ಬಟ್ಟೆಯ ತುಣುಕನ್ನು ಒಳಗೆ ಸೆಳೆದೊಯ್ಯುತ್ತದೆ. ಯೂರೋಪಿನಲ್ಲಿ ಮದ್ದಿನ ವಿಷವೇರುವುದೆಂದು ಭ್ರಮಿಸಿ ಕುದಿಯುವ ಎಣ್ಣೆಯನ್ನು ಸುರಿಯುತ್ತಿದ್ದರು. 1537ರಲ್ಲಿ ಎಣ್ಣೆ ಮುಗಿದುಹೋಗಲು ಆಂಬ್ರಾಯ್ಸ್ ಪಾರೆ ಎಂಬ ಫ್ರೆಂಚ್ ಶಸ್ತ್ರವೈದ್ಯನು ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನುಗಳ ಲೇಪವನ್ನು ಹಚ್ಚಿದನು. ಮರುದಿನ ಲೇಪ ಹಚ್ಚಿಸಿಕೊಂಡವರು ನೆಮ್ಮದಿಯಾಗಿದ್ದರು. ಎಣ್ಣೆ ಸುರಿಸಿಕೊಂಡವರು ಜ್ವರದಿಂದಲೂ ಬಾವಿನಿಂದಲೂ ನರಳುತ್ತಿದ್ದರು. ಪ್ರತ್ಯಕ್ಷವು ಗ್ರಂಥವನ್ನು ತಿದ್ದಿತು.

ಇಂತಹ ತಿದ್ದುಪಡಿಗೆ ಆಯುರ್ವೇದದಲ್ಲಿ ಪ್ರತಿಸಂಸ್ಕಾರವೆಂದು ಹೆಸರು. ಅಗ್ನಿವೇಶತಂತ್ರವನ್ನು ಚರಕನು ಪ್ರತಿಸಂಸ್ಕರಿಸಿದನು. ಅದರ ಉಳಿದ ಭಾಗವನ್ನು ದೃಢಬಲನು ಪೂರ್ಣಗೊಳಿಸಿದನು. ಪೋರ್ತುಗೀಸರೊಡನೆ ಬಂದ ಹೊಸ ರೋಗಕ್ಕೆ ಭಾವಮಿಶ್ರನು 16ನೆಯ ಶತಮಾನದಲ್ಲಿ ಫಿರಂಗರೋಗವೆಂಬ ಹೆಸರನ್ನೂ ಚಿಕಿತ್ಸೆಯನ್ನೂ ಹೇಳಿದನು. ಆದುದರಿಂದ ಶಾಸ್ತ್ರವನ್ನು ಹೊಸದಾಗಿಸುವುದು ಸಂಪ್ರದಾಯವಿರೋಧವೆಂಬ ಮಾತು ನಿಲ್ಲದು.

ಅರ್ವಾಚೀನ ಸೇನಾವೈದ್ಯದಲ್ಲಿಯೂ ಇದೇ ನ್ಯಾಯವು ಕಾಣುತ್ತದೆ. ಕೈಕಾಲುಗಳಿಗೆ ಬಿಗಿಯುವ ಟೂರ್ನಿಕೆಟ್ ಪಟ್ಟಿಯಿಂದ ಅಂಗನಾಶವಾದೀತೆಂಬ ಭಯದಿಂದ ಅದನ್ನು ಬಹುಕಾಲ ಕಡೆಯ ಉಪಾಯವೆಂದೇ ಎಣಿಸಿದ್ದರು. ವಿಯಟ್ನಾಂ ಯುದ್ಧದಲ್ಲಿ ಕೈಕಾಲಿನ ರಕ್ತಸ್ರಾವವೊಂದರಿಂದಲೇ ಅನೇಕರು ವೃಥಾ ಮಡಿದುದನ್ನು ಪರಿಶೀಲಿಸಿ, 1996ರಲ್ಲಿ ಪ್ರಕಟವಾದ ಅಮೆರಿಕದ ರಣಚಿಕಿತ್ಸಾಸೂತ್ರಗಳು ಅದಕ್ಕೆ ಪ್ರಥಮಸ್ಥಾನವನ್ನು ಕೊಟ್ಟವು. ಅಂದಿನಿಂದ ಆ ಸೂತ್ರಗಳು ಅನುಭವಕ್ಕನುಸಾರವಾಗಿ ಮತ್ತೆ ಮತ್ತೆ ಪರಿಷ್ಕೃತವಾಗುತ್ತಿವೆ. ಪಟ್ಟಿ ಬಿಗಿಯುವ ಅಭ್ಯಾಸವು ವೈದ್ಯನಿಗೆ ಮಾತ್ರವಲ್ಲದೆ ಸಾಮಾನ್ಯ ಸೈನಿಕನಿಗೂ ವಿಹಿತವಾಗಿದೆ. ಇದೂ ಯೋಗ್ಯೆಯೇ.

ಕಾದಿ ಮಡಿದವನ ಮನೆಯವರಿಗೆ ಕನ್ನಡನಾಡಿನ ಅರಸರು ನೆತ್ತರುಗೊಡಗೆಯೆಂದು ಭೂಮಿಯನ್ನು ಬಿಟ್ಟು ಕಲ್ಲಿನಲ್ಲಿ ಬರೆಯಿಸಿದರು. ಮಡಿದವನ ಋಣವು ಹಾಗೆ ತೀರಿದರೂ ತೀರೀತು; ಬದುಕಬಹುದಾಗಿದ್ದವನ ಋಣವು ಕಲ್ಲಿನಿಂದ ತೀರುವುದಲ್ಲ. ಆಯುಧವು ಬದಲಾದಂತೆ ಶಾಸ್ತ್ರವನ್ನು ತಿದ್ದಿ, ತಿದ್ದಿದುದನ್ನು ಕೈಗೆ ಕಲಿಸಿದಾಗಲೇ ಅದು ತೀರುವುದು.