ನಂಬರ್ ಕೇಳಿ ಪಡೀರಿ, ಅದು ಭಿಕ್ಷೆ ಅಲ್ಲ



ಘಾಟಬೋರಾಳದ ನಮ್ಮ ಮನೆಯಾಗ ಒಂದು ಹಳೇ ತಗಡಿನ ಪೆಟ್ಟಿಗೆ ಇದೆ. ಅದರ ತುಂಬ ನಮ್ಮಪ್ಪನ ಪಗಾರ ಚೀಟಿಗಳು. 1998ರಿಂದ 13 ವರ್ಷ ಹೈದರಾಬಾದಿನ ಮೂರು ಕಾರ್ಖಾನೆಗಳಲ್ಲಿ ಗುತ್ತೇದಾರನ ಕೈಕೆಳಗೆ ದುಡಿದರು. ಮೂರೂ ಕಡೆ ಪಿಎಫ್ ಹಿಡಿದರು, ಮೂರು ಬೇರೆ ಬೇರೆ ನಂಬರ್. ಕೆಲಸ ಬಿಟ್ಟಾಗೊಮ್ಮೆ ಫಾರಂ ಮೇಲೆ ಹೆಬ್ಬೆಟ್ಟು ಒತ್ತಿಸಿ ಇದ್ದಷ್ಟು ಹಣ ತೆಗೆಸಿಕೊಟ್ಟರು. ಹಣದ ಜೊತೆ ಸೇವೆಯ ವರ್ಷಗಳೂ ಹೋದವು. ಪಿಎಫ್ ಪಿಂಚಣಿಗೆ 10 ವರ್ಷದ ಸೇವೆ ಬೇಕು. ಅಪ್ಪ ಹಣ ತೆಗೆಯದೆ ಮೂರನ್ನೂ ಕೂಡಿಸಿಕೊಂಡಿದ್ದರೆ ಇವತ್ತು ಪಿಂಚಣಿ ಬರುತ್ತಿತ್ತು. ಹಂಗಂತ ಅವರಿಗೆ ಯಾರೂ ಹೇಳಲಿಲ್ಲ.

ಈ ನಂಬರಿನ ಹಿಂದೆ ನಮ್ಮದೇ ಇತಿಹಾಸ ಇದೆ. 1942ರ ಜುಲೈನಲ್ಲಿ ಬಾಬಾಸಾಹೇಬರು ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾದರು. ಅವರ ಕಾಲದಲ್ಲೇ, 1943ರಲ್ಲಿ, ಕಾರ್ಖಾನೆ ಕಾರ್ಮಿಕರಿಗೆ ಆರೋಗ್ಯ ವಿಮೆ ರೂಪಿಸುವ ಕೆಲಸವನ್ನು ಪ್ರೊ. ಬಿ.ಪಿ. ಅಡಾರ್ಕರ್ ಅವರಿಗೆ ಒಪ್ಪಿಸಲಾಯಿತು. 1944ರಲ್ಲಿ ವರದಿ ಬಂತು. ಅದರ ಬುನಾದಿ ಮೇಲೆ 1948ರ ಏಪ್ರಿಲ್‌ನಲ್ಲಿ ಇಎಸ್‌ಐ ಕಾಯ್ದೆ, ಆಮೇಲೆ 1952ರಲ್ಲಿ ಪಿಎಫ್ ಕಾಯ್ದೆ ಬಂತು. ಆಗ ಕಾರ್ಮಿಕ ಮಂತ್ರಿ ಬಾಬು ಜಗಜೀವನರಾಂ. ಕಾರ್ಮಿಕ ಖಾತೆಯ ಆ ಕುರ್ಚಿಯಲ್ಲಿ ಕೂತು ಇದನ್ನು ಕಟ್ಟಿದ ಇಬ್ಬರೂ ನಮ್ಮವರು.

ಆದರೆ ಕಾಯ್ದೆಯ ಬಾಗಿಲು ಸಣ್ಣದಿತ್ತು. ಇಂಗ್ಲೆಂಡಿನಲ್ಲಿ 1948ರ ಜುಲೈನಲ್ಲಿ ಜಾರಿಯಾದ ರಾಷ್ಟ್ರೀಯ ವಿಮೆಯೊಳಗೆ ಹೊಲದಾಳೂ ಬಂದ, ಅಲ್ಲಿ ಒಬ್ಬರಿಗೆ ಜೀವನಪೂರ್ತಿ ಒಂದೇ ನಂಬರ್. ನಮ್ಮಲ್ಲಿ ಇಎಸ್‌ಐ ಸಿಕ್ಕಿದ್ದು ವಿದ್ಯುತ್ ಬಳಸುವ, 20 ಜನ ಇರುವ ಕಾರ್ಖಾನೆಗೆ. ಪಿಎಫ್ ಮೊದಲು ಬಂದದ್ದು 50 ಜನ ಇರುವ ಆರು ಉದ್ಯಮಗಳಿಗೆ ಮಾತ್ರ. ನಮ್ಮ ಬೀದರ್ ಸೀಮೆ 1948ರ ಏಪ್ರಿಲ್‌ನಲ್ಲಿ ಇನ್ನೂ ನಿಜಾಮನ ಕೆಳಗಿತ್ತು. ನಮ್ಮ ಅಜ್ಜ-ಅಜ್ಜಿ ಕಂಡೋರ ಹೊಲದಾಗಿದ್ದರು. ಅವರ ದುಡಿಮೆಗೆ ಲೆಕ್ಕವೂ ಇಲ್ಲ, ನಂಬರೂ ಇಲ್ಲ.

2014ರ ಅಕ್ಟೋಬರ್‌ನಲ್ಲಿ ಪಿಎಫ್‌ಗೆ 12 ಅಂಕಿಯ ಯುಎಎನ್ ಬಂತು. ಕಂಪನಿ ಎಷ್ಟು ಬದಲಾದರೂ ನಂಬರ್ ಒಂದೇ. 2021ರ ಆಗಸ್ಟ್‌ನಲ್ಲಿ ಅಸಂಘಟಿತ ಕಾರ್ಮಿಕರಿಗೆ ಇ-ಶ್ರಮ್ ಬಂತು. ಅದಕ್ಕೂ 12 ಅಂಕಿ, ಅದನ್ನೂ ಯುಎಎನ್ ಅಂತಾರೆ. ಮೋಸ ಹೋಗಬೇಡಿ! ಇ-ಶ್ರಮ್ ಅಂದರೆ ಹೆಸರು ನೋಂದಣಿ ಅಷ್ಟೇ. ಅದರಾಗ ಮಾಲೀಕ ಒಂದು ರೂಪಾಯಿನೂ ಕಟ್ಟಲ್ಲ. "ಇ-ಶ್ರಮ್ ಕಾರ್ಡ್ ಐತಲ್ಲ, ಪಿಎಫ್ ಯಾಕ್ ಬೇಕು?" ಅಂತ ಗುತ್ತೇದಾರ ಅಂದರೆ ನಂಬಬೇಡಿ.

ಹುಮನಾಬಾದ್, ಹೈದರಾಬಾದ್, ಪುಣೆ, ಎಲ್ಲೇ ದುಡೀರಿ, ಪಗಾರದಾಗ ಪಿಎಫ್ ಹಿಡಿದರೆ ಯುಎಎನ್ ಕೇಳಿ ಬರೆದಿಟ್ಕೊಳ್ಳಿ. ಹೊಸ ಕೆಲಸಕ್ಕೆ ಹಳೇ ನಂಬರನ್ನೇ ಕೊಡಿ. ಆಧಾರ್‌ನಲ್ಲಿರೋ ಹೆಸರೂ ಪಿಎಫ್‌ನಲ್ಲಿರೋ ಹೆಸರೂ ಅಕ್ಷರಕ್ಕೆ ಅಕ್ಷರ ಕೂಡಬೇಕು. ನಿಮ್ಮಿಂದ ಹಿಡಿದದ್ದು, ಮಾಲೀಕ ಕಟ್ಟಬೇಕಾದದ್ದು ಎರಡೂ ಜಮಾ ಆಗ್ಯಾವೋ ಇಲ್ಲೋ ಪಾಸ್‌ಬುಕ್ಕಿನಾಗ ನೋಡ್ತಾ ಇರಿ. ಇಎಸ್‌ಐ ನಂಬರ್ ಬೇರೆ, ಅದು ದವಾಖಾನೆಗೆ ಮತ್ತು ಜಡ್ಡಿನಾಗ ಬಿದ್ದ ದಿನಗಳ ಪಗಾರಕ್ಕೆ. ಅದನ್ನೂ ಕೇಳಿ.

ಹೊಲದ ಕೂಲಿಗೆ ಇವತ್ತಿಗೂ ಪಿಎಫ್ ಇಲ್ಲ. ಆ ಹೋರಾಟ ಬಾಕಿ ಇದೆ. ಆದರೆ ಕಾಯ್ದೆಯಲ್ಲಿ ಇರೋದನ್ನಾದರೂ ಕೈಬಿಡಬಾರದು. ಅಪ್ಪನ ಪೆಟ್ಟಿಗೆ ನೋಡಿದಾಗೆಲ್ಲ ನನಗೆ ಅನಿಸೋದು ಇಷ್ಟೇ: ದುಡಿದದ್ದು ನಾವು, ಲೆಕ್ಕವೂ ನಮ್ಮ ಕೈಯಾಗೇ ಇರಬೇಕು.

ಜೈ ಭೀಮ್.