ಕಾಬೂಲಿನ ಚಳಿ, ಲಂಡನ್ನಿನ ಚಿತ್ರ

ಅಫ್ಘಾನಿಸ್ತಾನದ ಸುದ್ದಿ ಬಂತು ಅಂದ್ರೆ ಟಿವಿಯವರು ಹುಡುಕೋದು ಎರಡೇ ದೃಶ್ಯ. ಪೇಟ ಸುತ್ತಿ ಬಂದೂಕು ಹಿಡಿದ ಗಡ್ಡದ ಗಂಡಸು, ನೀಲಿ ಬುರ್ಖಾ ಹೊದ್ದ ಹೆಂಗಸು. ಈ ಅಭ್ಯಾಸ ಟಿವಿ ಹುಟ್ಟಿಸಿದ್ದಲ್ಲ. ಇದರ ಬೇರು ಹುಡುಕ್ತಾ ಹೋದರೆ ಸಿಗೋದು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ.

1839ರಲ್ಲಿ ಆ ಸೈನ್ಯ ಬೋಲನ್ ಕಣಿವೆ ದಾಟಿ, ಕಂದಹಾರ್, ಘಜ್ನಿ ಹಿಡಿದು, ಆಗಸ್ಟ್‌ನಲ್ಲಿ ಕಾಬೂಲ್ ಸೇರಿತು. ದೋಸ್ತ್ ಮೊಹಮ್ಮದ್‌ನನ್ನು ಇಳಿಸಿ ಷಾ ಶುಜಾನನ್ನು ಗದ್ದುಗೆಗೆ ಏರಿಸಿತು. ಕ್ಯಾಮೆರಾ ಆಗಷ್ಟೇ ಹುಟ್ಟುತ್ತಿದ್ದ ಕಾಲ. ಕಂಪನಿಯ ಅಡಿಸ್ಕೊಂಬ್ ಸೈನಿಕ ಶಾಲೆಯಲ್ಲಿ ಚಿತ್ರ ಬರೆಯೋದು ಪಾಠದ ಭಾಗವೇ ಆಗಿತ್ತು. ಕೋಟೆ, ಗುಡ್ಡ, ದಾರಿ ಗುರುತು ಹಾಕಲು ಬೇಕಲ್ಲ! ಆದರೆ ಕಾಬೂಲಿಗೆ ಹೋದ ಅಧಿಕಾರಿಗಳ ಕಣ್ಣು ಕೋಟೆಗಿಂತ ಹೆಚ್ಚಾಗಿ ಬಟ್ಟೆಯ ಮೇಲೆ ಬಿತ್ತು. ಬಾಂಬೆ ಸೈನ್ಯದ ಲಾಕಿಯರ್ ವಿಲ್ಲಿಸ್ ಹಾರ್ಟ್ 1843ರಲ್ಲಿ ಅಫ್ಘನ್ನರ ಉಡುಪಿನದೇ ಒಂದು ಚಿತ್ರಸಂಪುಟ ತಂದ. ಬಂಗಾಳ ಸೈನ್ಯದ ಲೆಫ್ಟಿನೆಂಟ್ ಜೇಮ್ಸ್ ರ್‍ಯಾಟ್ರೆ 1848ರ ಹೊತ್ತಿಗೆ ಅದಕ್ಕಿಂತ ದೊಡ್ಡದನ್ನು, ಬಣ್ಣದಲ್ಲಿ ತಂದ.

ರ್‍ಯಾಟ್ರೆಯ ಒಂದು ಚಿತ್ರದಲ್ಲಿ ಅಫ್ಘನ್ ಕಾಲಾಳುಗಳು ಚಳಿಗಾಲದ ಉಡುಪಿನಲ್ಲಿದ್ದಾರೆ. ಅಲ್ಲಿನ ಚಳಿಗಾಲದ ಉಡುಪು ಅಂದ್ರೆ ಪೋಸ್ತೀನ್. ಕುರಿಚರ್ಮದ ನಿಲುವಂಗಿ, ಉಣ್ಣೆ ಒಳಗೆ, ಚರ್ಮ ಹೊರಗೆ, ಆ ಚರ್ಮದ ಮೇಲೆ ಕಸೂತಿ. ಲಂಡನ್ನಿನ ಬೆಚ್ಚನೆಯ ಕೋಣೆಯಲ್ಲಿ ಪುಟ ತಿರುಗಿಸುವವರಿಗೆ ಕಸೂತಿ ಚೆಂದ ಕಂಡಿರಬೇಕು. ಕಾಬೂಲಿನ ಹಿಮದಲ್ಲಿ ಕೆಲಸಕ್ಕೆ ಬರೋದು ಒಳಗಿನ ಉಣ್ಣೆ.

ಈ ಪುಸ್ತಕಗಳನ್ನು ಬರೀ ಚಿತ್ರಕಲೆ ಅಂತ ನೋಡಲು ನನಗೆ ಮನಸ್ಸು ಬರೋದಿಲ್ಲ. ಕಾರಣ 1842ರ ಜನವರಿ 6.

ಅಂದು ಕಂಪನಿಯ ಸೈನ್ಯ ಕಾಬೂಲ್ ಬಿಟ್ಟು ಹೊರಟಿತು. ಸುಮಾರು 4,500 ಸೈನಿಕರು, ಅವರ ಜೊತೆ ಅಡುಗೆಯವರು, ಹೊರೆಯಾಳುಗಳು, ಹೆಂಗಸರು, ಮಕ್ಕಳು ಸೇರಿ ಸುಮಾರು 12,000 ಜನ. ಬಹುಪಾಲು ನಮ್ಮ ಹಿಂದೂಸ್ತಾನದವರೇ. ಹಿಮದಲ್ಲಿ ನಡೆದು ಗೊತ್ತಿಲ್ಲದವರು. ಹೊರಡುವ ಮೊದಲು ಮೇಜರ್ ಎಲ್ಡ್ರೆಡ್ ಪಾಟಿಂಜರ್ ಒಂದು ಸಣ್ಣ ಸಲಹೆ ಕೊಟ್ಟಿದ್ದ. ಕುದುರೆಗಳಿಗೆ ಹೊದಿಸುವ ಹಳೆಯ ಕಂಬಳಿಗಳನ್ನು ಪಟ್ಟಿ ಪಟ್ಟಿಯಾಗಿ ಹರಿದು, ಅಫ್ಘನ್ನರು ಮಾಡೋ ಹಾಗೆ ಸಿಪಾಯಿಗಳ ಕಾಲಿಗೆ ಸುತ್ತಿಸಿ ಅಂತ. ಅವನು ಹೇಳಿದ್ದು ಒಂದು ಸಲ ಅಲ್ಲ, ಮತ್ತೆ ಮತ್ತೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗಟ್ಟಿ ಚರ್ಮದ ಸರ್ಕಾರಿ ಬೂಟಿನಲ್ಲೇ ಹೊರಟರು. ಮೊದಲ ರಾತ್ರಿಯೇ ಕಾಲುಗಳು ಹೆಪ್ಪುಗಟ್ಟಿದವು. ಜನವರಿ 13ಕ್ಕೆ ಜಲಾಲಾಬಾದ್ ಕೋಟೆ ಮುಟ್ಟಿದ್ದು ಡಾಕ್ಟರ್ ಬ್ರೈಡನ್. ಆಮೇಲೆ ಒಬ್ಬೊಬ್ಬರಾಗಿ ಕೆಲವರು ಬಂದರು, ಕೆಲವರು ಸೆರೆ ಸಿಕ್ಕರು. ಉಳಿದವರನ್ನು ಗುಂಡು ಮತ್ತು ಹಿಮ ಹಂಚಿಕೊಂಡವು.

ನೋಡಿ, ಅಫ್ಘನ್ ಚಳಿಗೆ ಹೇಗೆ ಉಡುತ್ತಾನೆ ಅನ್ನೋದು ಕಂಪನಿಗೆ ಗೊತ್ತಿರಲಿಲ್ಲ ಅಂತಲ್ಲ. ಎರಡು ವರ್ಷಕ್ಕೂ ಮೇಲೆ ಅದೇ ಊರಲ್ಲಿದ್ದರು. ಅವರ ಕಣ್ಣಿಗೆ ಅದು ವೇಷವಾಗಿತ್ತು, ವಿದ್ಯೆ ಆಗಿರಲಿಲ್ಲ.

ಇನ್ನೊಂದು ಚಿತ್ರ ಕಂಪನಿಯ ಸರ್ಜನ್ ಜೇಮ್ಸ್ ಅಟ್ಕಿನ್ಸನ್‌ನದು. ಪಾರ್ಸಿ ಭಾಷೆ ಬಲ್ಲವನು, ಶಾಹನಾಮೆಯನ್ನು ಸಂಗ್ರಹಿಸಿ ಇಂಗ್ಲಿಷಿಗೆ ತಂದವನು. ಹಣ್ಣಿನ ಕಾಲದಲ್ಲಿ ಕಾಬೂಲ್ ಬಜಾರಿನ ಮುಖ್ಯ ಬೀದಿ ಅವನ ವಸ್ತು. ಅದನ್ನು ಬರೆದ ಕೈಗೆ ಆ ಊರಿನ ಮೇಲೆ ಪ್ರೀತಿ ಇರಲಿಲ್ಲ ಅಂತ ನಾನಂತೂ ಹೇಳಲಾರೆ. ಅವನ ಪುಸ್ತಕ ಲಂಡನ್ನಿನಲ್ಲಿ ಹೊರಬಂದದ್ದು 1842ರಲ್ಲಿ. ಅದೇ ವರ್ಷದ ಅಕ್ಟೋಬರಿನಲ್ಲಿ ಸೇಡಿಗೆ ವಾಪಸು ಬಂದ ಕಂಪನಿ ಸೈನ್ಯ, ಷಹಜಹಾನನ ಕಾಲದಲ್ಲಿ ಅಲಿ ಮರ್ದಾನ್ ಖಾನ್ ಕಟ್ಟಿಸಿದ್ದ ಕಾಬೂಲಿನ ಚಾರ್ ಛತ್ತಾ ಬಜಾರನ್ನು ಮದ್ದಿಟ್ಟು ಒಡೆದುಹಾಕಿತು. ಬ್ರಿಟಿಷ್ ರಾಯಭಾರಿ ಮೆಕ್‌ನಾಟನ್‌ನನ್ನು ಕೊಂದು, ಶವವನ್ನು ಅಲ್ಲಿ ತೂಗುಹಾಕಿದ್ದರು ಅನ್ನೋ ಸಿಟ್ಟು. ಹಣ್ಣು ಮಾರುವವನು ಮಾಡಿದ ತಪ್ಪಾದರೂ ಏನು?

ರ್‍ಯಾಟ್ರೆ ಕಾಬೂಲಿನ ಹೆಂಗಸರನ್ನೂ ಬರೆದಿದ್ದಾನೆ, ಮನೆಯೊಳಗಿನ ಉಡುಪು, ಹೊರಗಿನ ಉಡುಪು ಎರಡರಲ್ಲೂ. ಬೀದಿಯ ಮುಸುಕನ್ನು ಯಾರು ಬೇಕಾದರೂ ನೋಡಬಹುದು. ಜನಾನಾದ ಒಳಗೆ ಈ ಫಿರಂಗಿ ಲೆಫ್ಟಿನೆಂಟನನ್ನು ಬಿಟ್ಟವರು ಯಾರು? ನನಗಂತೂ ಅನುಮಾನ.

2021ರ ಸೆಪ್ಟೆಂಬರಿನಲ್ಲಿ ದೇಶದೊಳಗೂ ಹೊರಗೂ ಇರುವ ಅಫ್ಘನ್ ಹೆಂಗಸರು ‘ನನ್ನ ಬಟ್ಟೆ ಮುಟ್ಟಬೇಡಿ’ ಅನ್ನೋ ಅಭಿಯಾನ ನಡೆಸಿದರು. ಬಣ್ಣಬಣ್ಣದ ಕಸೂತಿ ಲಂಗ ತೊಟ್ಟ ತಮ್ಮದೇ ಫೋಟೋ ಹಾಕಿ, ನಮ್ಮ ಉಡುಪು ಇದು ಅಂದರು. ಚಿತ್ರ ಅವರದು, ಮುಖ ಅವರದು, ಕೆಳಗೆ ಬರೆದ ಹೆಸರೂ ಅವರದೇ. ರ್‍ಯಾಟ್ರೆಯ ಚಿತ್ರದಲ್ಲಿ ಆ ಹೆಂಗಸರು ಬರೀ ‘ಕಾಬೂಲಿನ ಮಹಿಳೆಯರು’.