ಸ್ವಸಹಾಯದ ಪುಸ್ತಕದ ಹಿಂದಿನ ಅವ್ವ

ಈಗ ಯಾರ ಮನಿಗೆ ಹೋದ್ರೂ ಟಿವಿ ಕಪಾಟಿನ್ಯಾಗ ಅಂಥಾದ್ದೊಂದು ಪುಸ್ತಕ ಇದ್ದ ಇರ್ತದ. ಮನಸ್ಸು ಬದಲಿಸ್ಕೊಳ್ರಿ, ರೊಕ್ಕ ತಾನ ಬರ್ತದ ಅನ್ನೋ ಪುಸ್ತಕ. ನಮ್ಮ ಹುಡುಗ್ರು ಪೆನ್ಸಿಲ್ ಗೆರಿ ಹೊಡ್ಕೋತ ಓದ್ತಾರ. ಓದ್ಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಈ ಪುಸ್ತಕಗಳ ಮನೆತನ ಯಾವುದು ಅಂತ ನಾವು ಹೆಣ್ಣಮಕ್ಕಳು ಒಮ್ಮೆ ವಿಚಾರಿಸ್ಬೇಕು. ಸಂಬಂಧ ಮಾಡೋ ಮುಂದ ವಿಚಾರಸಂಗಿಲ್ಲೇನು, ಹಂಗ.

ಇವಕ್ಕೆಲ್ಲಾ ಮುತ್ತಜ್ಜ ಅಂದ್ರ ಸ್ಯಾಮ್ಯುಯೆಲ್ ಸ್ಮೈಲ್ಸ್ ಬರೆದ ‘ಸೆಲ್ಫ್ ಹೆಲ್ಪ್’. ಅಂವ 1812ರಾಗ ಸ್ಕಾಟ್ಲಂಡಿನ ಹ್ಯಾಡಿಂಗ್ಟನ್ ಊರಾಗ ಹುಟ್ಟಿದಾಂವ. ಎಡಿನ್‌ಬರೋದಾಗ ಡಾಕ್ಟರಕಿ ಓದ್ತಿದ್ದ. 1832ರಾಗ ಕಾಲರಾ ಬಂದು ಅಪ್ಪ ತೀರಿಕೊಂಡ. ಮನಿ ತುಂಬ ಸಣ್ಣ ಮಕ್ಕಳು. ಓದು ಅಲ್ಲಿಗೇ ನಿಲ್ಲಬೇಕಿತ್ತು. ಆದ್ರ ಅವನ ಅವ್ವ ಮನಿಯ ಸಣ್ಣ ಅಂಗಡಿ ತಾನ ನಡಿಸಿ, ಎಲ್ಲಾರ ಹೊಟ್ಟಿನೂ ನೋಡ್ಕೊಂಡು, ಮಗನ ಓದು ನಿಲ್ಲಗೊಡಲಿಲ್ಲ.

ಮುಂದ ಸ್ಮೈಲ್ಸ್ ಲೀಡ್ಸ್ ಊರಾಗ ಪತ್ರಿಕಾ ಸಂಪಾದಕ ಆದ. ಅಲ್ಲೆ ಕೆಲವು ದುಡಿಯೋ ಹುಡುಗ್ರು ಸಂಜಿಗೆ ಕೂಡಿ, ಬಂದವರು ಬರದವರಿಗೆ ಓದು, ಬರಹ, ಲೆಕ್ಕ ಕಲಿಸ್ತಿದ್ರು. ಕೂಡ್ಲಿಕ್ಕೆ ಅವರಿಗೆ ಸಿಕ್ಕದ್ದು ಹಿಂದೊಮ್ಮೆ ಕಾಲರಾ ಆಸ್ಪತ್ರಿ ಆಗಿದ್ದ ಜಾಗ. ಹೆದರಿ ಬ್ಯಾರೆ ಯಾರೂ ಅದನ್ನ ಬಾಡಿಗಿಗೆ ಹಿಡೀತಿರಲಿಲ್ಲ. 1845ರಾಗ ಆ ಹುಡುಗ್ರ ಕರೀಲಿಕ್ಕೆ ಬಂದ್ರು, ಸ್ಮೈಲ್ಸ್ ಹೋಗಿ ಮಾತಾಡಿದ. ಆ ಮಾತೇ ಬೆಳೆದು ಪುಸ್ತಕ ಆತು. ಮೊದಲು ರೌಟ್ಲೆಜ್‌ನವರು ಒಲ್ಲೆ ಅಂದ್ರು. 1859ರಾಗ ಜಾನ್ ಮರ್ರೆಯವರು ಛಾಪಿಸಿದ್ರು. ಮೊದಲನೇ ವರ್ಷನ 20,000 ಪ್ರತಿ ಖರ್ಚಾದ್ವು. 1871ರಾಗ ಜಪಾನಿ ಭಾಷಾಕ್ಕೂ ಹೋತು.

ಪುಸ್ತಕದ ತುಂಬ ವಾಟ್, ವೆಜ್‌ವುಡ್, ಆರ್ಕ್‌ರೈಟ್‌ನಂಥ ಗಂಡಸರು ತಮ್ಮ ಶ್ರಮದಿಂದ ಮ್ಯಾಲೆ ಬಂದ ಕಥಿ. ಹೆಸರು ‘ಸ್ವಸಹಾಯ’. ಆದ್ರ ಹಿಂದ ಇದ್ದದ್ದು ಅವ್ವನ ಅಂಗಡಿ ಮತ್ತ ಒಬ್ಬರಿಗೊಬ್ಬರು ಕಲಿಸಿದ ಹುಡುಗ್ರ ಸಂಜಿಶಾಲಿ.

ಅಮೇರಿಕಾದಾಗ ಜಾರ್ಜ್ ಕ್ಲೇಸನ್ 1926ರಿಂದ ಬ್ಯಾಬಿಲೋನ್ ಪಟ್ಟಣದ ಕಥಿ ಕಟ್ಟಿ ಸಣ್ಣ ಸಣ್ಣ ಪುಸ್ತಿಕಾ ಬರೆದ. ದುಡಿದದ್ರಾಗ ಹತ್ತರಾಗ ಒಂದು ಪಾಲು ತೆಗೆದಿಡ್ರಿ ಅನ್ನೋದು ಅದರ ಸಾರ. ಸಾಸಿವಿ ಡಬ್ಬಿಯಾಗ ರೊಕ್ಕ ಇಟ್ಟವರಿಗೆ ಇದೇನು ಹೊಸಾದಲ್ಲ. ಆ ಪುಸ್ತಿಕಾ ಹಂಚಿದವರು ಬ್ಯಾಂಕಿನವರು, ವಿಮಾ ಕಂಪನಿಯವರು. ಉಳಿಸಿದ ರೊಕ್ಕ ಎಲ್ಲಿಗೆ ಬರ್ತದ ಅಂತ ಅವರಿಗೂ ಗೊತ್ತಿತ್ತು.

1997ರಾಗ ‘ರಿಚ್ ಡ್ಯಾಡ್ ಪೂರ್ ಡ್ಯಾಡ್’ ಬಂತು. ಅದನ್ನ ರಾಬರ್ಟ್ ಕಿಯೋಸಾಕಿ ಜೊತಿ ಕೂಡಿ ಬರೆದಾಕಿ ಶರನ್ ಲೆಕ್ಟರ್, ಲೆಕ್ಕಪತ್ರ ಕಲಿತ ಹೆಣ್ಣಮಗಳು. ಮೊದಲು ಮುಖಪುಟದ ಮ್ಯಾಲೆ ಆಕಿ ಹೆಸರಿತ್ತು. ಈಗಿನ ಪ್ರತಿ ಮ್ಯಾಲೆ ಅವನೊಬ್ಬನ ಹೆಸರು.

ಇಷ್ಟೆಲ್ಲಾ ಯಾಕ ಬರದೆ ಅಂದ್ರ, ನಮ್ಮ ಬಳಗದ ಒಬ್ಬ ಹುಡುಗಿ ಬೆಂಗಳೂರಾಗ ದುಡೀತಾಳ. ಪಗಾರದಾಗ ಮನಿ ಬಾಡಿಗಿ, ಅಪ್ಪನ ಔಷಧ, ತಮ್ಮನ ಫೀ. ತಿಂಗಳ ಕಡಿಗೆ ಏನೂ ಉಳಿಯಂಗಿಲ್ಲ. ಇಂಥಾ ಪುಸ್ತಕ ಓದಿ, ‘ನನ್ನ ಮನಸ್ಸ ಬಡವರ ಮನಸ್ಸದ ಮೌಶಿ’ ಅಂದ್ಲು. ನನಗ ಹೊಟ್ಟಿಯೊಳಗ ಕಸಿವಿಸಿ ಆತು. ನಿನ್ನ ಮನಸ್ಸಿಗೆ ಏನೂ ಆಗಿಲ್ಲವ್ವಾ, ಮೂರು ಮಂದಿ ಭಾರ ಒಬ್ಬಾಕಿ ಹೊತ್ತೀದಿ ಅಂದೆ.

ಆಕಿ ಮುಂದ ಯಾವಾಗೋ ಯಾರದೋ ಯಶಸ್ಸಿನ ಕಥಿಯೊಳಗ ಕಾಣದ ಅವ್ವನಂಗ ಆಗಬಾರ್ದು. ಉಳಿಸೋದು ಕಲೀಲಿ, ಲೆಕ್ಕ ಬರೀಲಿ. ತಮ್ಮನೂ ಒಂದಿಷ್ಟು ಭಾರ ಹಿಡೀಲಿ. ನಾವೂ ನಮ್ಮ ಭಿಶಿಯೊಳಗ ಅಕಿದೊಂದು ಹೆಸರು ಸೇರಿಸೋಣು, ಕಂತು ಸಣ್ಣದ ಇರ್ಲಿ. ಲೀಡ್ಸ್ ಹುಡುಗ್ರು ಮಾಡಿದ್ದೂ ಇಷ್ಟ.